ಗಾಳಿ ತಿಳಿಯಾಯಿತು, ಲೆಕ್ಕ ಮಬ್ಬಾಗೇ ಉಳಿಯಿತು: ಚೀನಾದ ಗಂಧಕದ ಹೊಗೆ, ಒಂದು ಪ್ರಕರಣ ಅಧ್ಯಯನ

ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಪ್ರಕರಣ ಅರ್ಧ ಅರ್ಥವಾಗುತ್ತದೆ. ಎರಡೂ ಏಷ್ಯಾದವು. 2006ರಿಂದ 2014ರವರೆಗೆ ಗಾಳಿಯಲ್ಲಿ ತೇಲುವ ಕಣಗಳು ಎಲ್ಲಿ ಏರಿದವು, ಎಲ್ಲಿ ಇಳಿದವು ಅಂತ ತೋರಿಸುತ್ತವೆ. ಮೊದಲನೆಯದು ಉಪಗ್ರಹ ಕಂಡದ್ದು. ಅದರಲ್ಲಿ ಭಾರತದ ಮೇಲೆ ಏರಿಕೆ, ಪೂರ್ವ ಚೀನಾದ ಮೇಲೆ ಇಳಿಕೆ. ಎರಡನೆಯದು ಹವಾಮಾನ ಮಾಡೆಲ್‌ಗಳು ಲೆಕ್ಕ ಹಾಕಿ ಕೊಟ್ಟದ್ದು. ಅದರಲ್ಲಿ ಭಾರತದ ಮೇಲೂ ಏರಿಕೆ, ಚೀನಾದ ಮೇಲೂ ಏರಿಕೆ.

ಒಂದೆರಡು ಮಾಡೆಲ್ ತಪ್ಪಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಾಡೆಲ್‌ಗಳು ತಪ್ಪುವುದು ಹೊಸದೇನಲ್ಲ. ಆದರೆ ಇಲ್ಲಿ ಹೆಚ್ಚುಕಡಿಮೆ ಎಲ್ಲವೂ ತಪ್ಪಿದ್ದವು. ಅದೂ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ. ಬೇರೆ ಬೇರೆ ದೇಶದ ಗುಂಪುಗಳು ಬೇರೆ ಬೇರೆ ರೀತಿಯಲ್ಲಿ ಬರೆದ ಪ್ರೋಗ್ರಾಂಗಳು ಅವು. ತರಗತಿಯಲ್ಲಿ ಎಲ್ಲರೂ ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದರೆ ಮೇಷ್ಟ್ರು ಏನು ಅಂದುಕೊಳ್ಳುತ್ತಾರೆ? ಉತ್ತರ ಒಂದೇ ಕಡೆಯಿಂದ ಬಂದಿದೆ ಅಂತ ತಾನೇ? ಇಲ್ಲೂ ಹಾಗೇ ಆಗಿತ್ತು. ಎಲ್ಲ ಮಾಡೆಲ್‌ಗಳಿಗೂ ಒಂದೇ ಫೈಲ್ ಹೋಗಿತ್ತು.

ಆ ಫೈಲ್ ಜಗತ್ತಿನ ಹೊಗೆಯ ಲೆಕ್ಕಪಟ್ಟಿ. ಈ ಕ್ಷೇತ್ರದವರು ಎಮಿಷನ್ ಇನ್ವೆಂಟರಿ ಅನ್ನುತ್ತಾರೆ. ಯಾವ ದೇಶದಲ್ಲಿ, ಯಾವ ವರ್ಷ, ಯಾವ ತಿಂಗಳು, ಯಾವ ಕೆಲಸದಿಂದ ಯಾವ ಅನಿಲ ಎಷ್ಟು ಟನ್ ಗಾಳಿಗೆ ಸೇರಿತು ಅನ್ನುವ ಪಟ್ಟಿ. ವಾಯುಮಂಡಲದ ರಸಾಯನ ಓದುವವರಿಗೆ ಇದೇ ತಳಪಾಯ. ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಹೊಗೆ ಎಲ್ಲಿಂದ ಬರುತ್ತಿದೆ ಅಂತ ಮೊದಲು ಯಾರಾದರೂ ಹೇಳಬೇಕು.

ಫೈಲ್ ಯಾವುದು

ಸಿಮಿಪ್-6 ಅಂದರೆ ಜಗತ್ತಿನ ಹವಾಮಾನ ಮಾಡೆಲ್ ಗುಂಪುಗಳು ಸೇರಿ ಮಾಡುವ ಹೋಲಿಕೆ ಯೋಜನೆಯ ಆರನೇ ಸುತ್ತು. ಎಲ್ಲರೂ ಒಂದೇ ಇನ್‌ಪುಟ್ ಕೊಟ್ಟು ತಮ್ಮ ತಮ್ಮ ಮಾಡೆಲ್ ಓಡಿಸುತ್ತಾರೆ. ಬಂದ ಉತ್ತರಗಳನ್ನು ಹೋಲಿಸುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿಯ ಬಹಳಷ್ಟು ಚಿತ್ರಗಳ ಹಿಂದೆ ಇರುವುದು ಈ ಸುತ್ತೇ. ಇದರ 'ಇತಿಹಾಸ' ಭಾಗ 1850ರಿಂದ 2014ರವರೆಗೆ ಓಡುತ್ತದೆ.

ಆ ಓಟಕ್ಕೆ ಬೇಕಾದ ಹೊಗೆಯ ಲೆಕ್ಕ ಸೆಡ್ಸ್ ಅನ್ನುವ ವ್ಯವಸ್ಥೆಯಿಂದ ಬಂತು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಜೊತೆಯಾಗಿ ನಡೆಸುವ ಸಂಶೋಧನಾ ಕೇಂದ್ರದಲ್ಲಿ ಇದು ಹುಟ್ಟಿತು. 1750ರಿಂದ 2014ರವರೆಗೆ ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು, ಕಾರ್ಬನ್ ಮೊನಾಕ್ಸೈಡ್, ಅಮೋನಿಯಾ, ಮಸಿ ಹೀಗೆ ಒಂದೊಂದಕ್ಕೂ ಅಂಕಿ ಕೊಟ್ಟಿತು. ಸಿಮಿಪ್-6 ಬಳಸಿದ ಆವೃತ್ತಿ 2017ರಲ್ಲಿ ಹೊರಬಂತು. ಅದನ್ನು ವಿವರಿಸುವ ಪ್ರಬಂಧ 2018ರಲ್ಲಿ ಪ್ರಕಟವಾಯಿತು.

ಇದು ಕೆಟ್ಟ ಕೆಲಸವೇನಲ್ಲ, ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂ, ಅಂಕಿಅಂಶ ಎರಡನ್ನೂ ಎಲ್ಲರಿಗೂ ತೆರೆದಿಟ್ಟ ಅಪರೂಪದ ಯೋಜನೆ ಇದು. ತಪ್ಪು ಎಲ್ಲಿ ನುಸುಳಿತು ಅಂತ ಹೊರಗಿನವರಿಗೆ ಹುಡುಕಲು ಸಾಧ್ಯವಾದದ್ದೂ ಅದಕ್ಕೇ.

ಹೊಗೆಯನ್ನು ಯಾರೂ ತೂಗುವುದಿಲ್ಲ

ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಪಟ್ಟಿಗಳಲ್ಲಿ ಇರುವ ಬಹುಪಾಲು ಅಂಕಿಗಳನ್ನು ಯಾರೂ ಅಳೆದಿಲ್ಲ. ಗುಣಿಸಿದ್ದಾರೆ ಅಷ್ಟೇ. ಎಷ್ಟು ಇಂಧನ ಸುಟ್ಟರು, ಒಂದು ಟನ್ ಸುಟ್ಟರೆ ಎಷ್ಟು ಅನಿಲ ಬರುತ್ತದೆ, ಅದರಲ್ಲಿ ಎಷ್ಟನ್ನು ಚಿಮಣಿಯೊಳಗೇ ಹಿಡಿದರು. ಈ ಮೂರನ್ನು ಸೇರಿಸಿದರೆ ಉತ್ತರ.

ಒಂದು ಲೆಕ್ಕ ಮಾಡೋಣ, ಗಾಳಿಯಲ್ಲಿ ಕಣಗಳಾಗಿ ಬದಲಾಗುವ ಗಂಧಕದ ಅನಿಲದ್ದೇ. ಒಂದು ಟನ್ ಕಲ್ಲಿದ್ದಲಿನಲ್ಲಿ 1% ಗಂಧಕ ಇದೆ ಅಂದುಕೊಳ್ಳಿ. ಅಂದರೆ 10 ಕಿಲೋ. ಸುಟ್ಟಾಗ ಗಂಧಕದ ಒಂದೊಂದು ಪರಮಾಣುವೂ ಎರಡು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ತೂಕ ದುಪ್ಪಟ್ಟಾಗುತ್ತದೆ. ಬೂದಿಯಲ್ಲಿ ಉಳಿಯುವ ಸ್ವಲ್ಪವನ್ನು ಬಿಟ್ಟರೆ 20 ಕಿಲೋ ಸಲ್ಫರ್ ಡೈಆಕ್ಸೈಡ್ ಬಂತು. ಒಂದು ವಿದ್ಯುತ್ ಸ್ಥಾವರ ವರ್ಷಕ್ಕೆ 30 ಲಕ್ಷ ಟನ್ ಇಂಥ ಕಲ್ಲಿದ್ದಲು ಸುಟ್ಟರೆ 60,000 ಟನ್ ಅನಿಲ.

ಈಗ ಆ ಸ್ಥಾವರ ಗಂಧಕ ತೊಳೆಯುವ ಯಂತ್ರ ಹಾಕಿಸಿತು ಅನ್ನಿ. ಸುಣ್ಣದ ಕಲ್ಲಿನ ಪುಡಿಯನ್ನು ನೀರಿನಲ್ಲಿ ಕದಡಿ ಹೊಗೆಯ ಮೇಲೆ ಚಿಮುಕಿಸುವ ಯಂತ್ರ ಅದು. ಗಂಧಕ ಜಿಪ್ಸಂ ಆಗಿ ಕೆಳಗಿಳಿಯುತ್ತದೆ. ಚೆನ್ನಾಗಿ ಓಡಿದರೆ 95% ಹಿಡಿಯುತ್ತದೆ. ಆಗ ಹೊರಗೆ ಹೋಗುವುದು 3,000 ಟನ್ ಮಾತ್ರ. ಅದೇ ಯಂತ್ರವನ್ನು ವರ್ಷದಲ್ಲಿ ಅರ್ಧ ಕಾಲ ಆಫ್ ಮಾಡಿಟ್ಟರೆ? 31,500 ಟನ್. ಅದೇ ಸ್ಥಾವರ, ಅದೇ ಕಲ್ಲಿದ್ದಲು, ಅದೇ ಯಂತ್ರ. ಆದರೂ ಉತ್ತರದಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಕಲ್ಲಿದ್ದಲಿನ ಅಂಕಿಯಲ್ಲಿ 10% ತಪ್ಪಾದರೆ ಉತ್ತರವೂ 10% ತಪ್ಪಾಗುತ್ತದೆ. ಯಂತ್ರ ಓಡಿತೋ ಇಲ್ಲವೋ ಅನ್ನುವುದರಲ್ಲಿ ತಪ್ಪಿದರೆ ಲೆಕ್ಕವೇ ಬುಡಮೇಲು.

ಹಾಗಂತ ಕಲ್ಲಿದ್ದಲಿನ ಅಂಕಿ ಸಲೀಸು ಅಂದುಕೊಳ್ಳಬೇಡಿ. 2010ರ ಚೀನಾದ ಇಂಧನ ಅಂಕಿಗಳನ್ನು ತೆಗೆದುಕೊಂಡು ಇಂಗಾಲದ ಲೆಕ್ಕ ಹಾಕಿದವರಿಗೆ ಎರಡು ಉತ್ತರ ಸಿಕ್ಕವು. ರಾಷ್ಟ್ರದ ಅಂಕಿಯಿಂದ ಒಂದು, ಪ್ರಾಂತ್ಯಗಳ ಅಂಕಿ ಕೂಡಿಸಿದರೆ ಇನ್ನೊಂದು. ನಡುವಿನ ಅಂತರ 140 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್! ಮುಂದೆ 2015ರಲ್ಲಿ ಚೀನಾವೇ ತನ್ನ ಹಿಂದಿನ ವರ್ಷಗಳ ಕಲ್ಲಿದ್ದಲು ಬಳಕೆಯನ್ನು ಮೇಲಕ್ಕೆ ತಿದ್ದಿತು. ಇದು ಬೇರೆಯೇ ಕಥೆ, ಬಿಡಿ.

ಯಂತ್ರ ಬಂತು, ಓಡಿತಾ?

2000ದ ನಂತರ ಚೀನಾದಲ್ಲಿ ಕಲ್ಲಿದ್ದಲು ಸ್ಥಾವರಗಳು ಸಾಲುಸಾಲಾಗಿ ಎದ್ದವು. ಗಂಧಕದ ಹೊಗೆಯೂ ಏರಿತು. 2006ರಲ್ಲಿ ಶುರುವಾದ 11ನೇ ಪಂಚವಾರ್ಷಿಕ ಯೋಜನೆ ಒಂದು ಗುರಿ ಇಟ್ಟಿತು: 2005ಕ್ಕೆ ಹೋಲಿಸಿದರೆ 2010ರ ಹೊತ್ತಿಗೆ ಸಲ್ಫರ್ ಡೈಆಕ್ಸೈಡ್ 10% ಇಳಿಯಬೇಕು. 2005ರಲ್ಲಿ ಗಂಧಕ ತೊಳೆಯುವ ಯಂತ್ರ ಇದ್ದದ್ದು ಕಲ್ಲಿದ್ದಲು ವಿದ್ಯುತ್ತಿನ ಆರನೇ ಒಂದು ಭಾಗಕ್ಕೂ ಕಡಿಮೆ. 2010ಕ್ಕೆ ಐದರಲ್ಲಿ ನಾಲ್ಕು ಭಾಗಕ್ಕಿಂತ ಜಾಸ್ತಿ. ಐದು ವರ್ಷದಲ್ಲಿ ಇಷ್ಟು ವೇಗ ಬೇರೆಲ್ಲೂ ಕಂಡಿರಲಿಲ್ಲ.

ಆದರೆ ಯಂತ್ರ ಓಡಿಸಲು ಕರೆಂಟ್ ಬೇಕು, ಸುಣ್ಣದ ಕಲ್ಲು ಬೇಕು. ಆಫ್ ಮಾಡಿದರೆ ದುಡ್ಡು ಉಳಿಯುತ್ತದೆ. ಹಾಗಾಗಿ ಮೊದಲ ವರ್ಷಗಳಲ್ಲಿ ಎಷ್ಟೋ ಕಡೆ ಯಂತ್ರ ಸುಮ್ನೆ ನಿಂತಿರುತ್ತದೆ ಅನ್ನುವ ಅನುಮಾನ ಬಲವಾಗಿತ್ತು. ಸರ್ಕಾರಕ್ಕೂ ಇದು ಗೊತ್ತಿತ್ತು. ಗಂಧಕ ತೊಳೆದು ಮಾಡಿದ ವಿದ್ಯುತ್ತಿಗೆ ಯೂನಿಟ್‌ಗೆ 0.015 ಯುವಾನ್ ಜಾಸ್ತಿ ಬೆಲೆ ಕೊಟ್ಟಿತು. 2007ರಲ್ಲಿ ಚಿಮಣಿಗಳಿಗೆ ನಿರಂತರ ಅಳತೆಯ ಮೀಟರ್, ಯಂತ್ರ ನಿಲ್ಲಿಸಿದರೆ ದಂಡ ಅಂತ ನಿಯಮ ಬಿಗಿ ಮಾಡಿತು.

ಹಾಗಾದರೆ ಯಂತ್ರಗಳು ನಿಜವಾಗಿ ಓಡತೊಡಗಿದ್ದು ಯಾವಾಗ? ಇದನ್ನು ಕಂಡುಹಿಡಿದ ರೀತಿ ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

2004ರ ಜುಲೈನಲ್ಲಿ ನಾಸಾ ಔರಾ ಅನ್ನುವ ಉಪಗ್ರಹ ಹಾರಿಸಿತು. ಅದರಲ್ಲಿ ಓಮಿ ಎಂಬ ಉಪಕರಣ. ಭೂಮಿಯಿಂದ ಮರಳಿ ಬರುವ ನೇರಳಾತೀತ ಬೆಳಕು, ಕಣ್ಣಿಗೆ ಕಾಣುವ ಬೆಳಕು ಎರಡನ್ನೂ ನೋಡಿ ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ಇದು ಎರಡು ಅನಿಲಗಳನ್ನೂ ನೋಡುತ್ತದೆ: ಸಲ್ಫರ್ ಡೈಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್. ಸ್ಥಾವರ ಓಡಿದರೆ ಎರಡೂ ಬರುತ್ತವೆ. ಆದರೆ ಗಂಧಕ ತೊಳೆಯುವ ಯಂತ್ರ ನೈಟ್ರೋಜನ್ ಅನಿಲವನ್ನು ಹೆಚ್ಚೇನೂ ಮುಟ್ಟುವುದಿಲ್ಲ. ಅಂದಮೇಲೆ ನೈಟ್ರೋಜನ್ ಅನಿಲವೇ ಹಾಜರಿ ಪುಸ್ತಕ. ಸ್ಥಾವರ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಅದು ಹೇಳುತ್ತದೆ. ಪಕ್ಕದಲ್ಲಿ ಗಂಧಕದ ಅನಿಲ ಎಷ್ಟಿದೆ ಅಂತ ನೋಡಿದರೆ ಯಂತ್ರದ ಗುಟ್ಟು ಬಯಲಾಗುತ್ತದೆ.

ಉತ್ತರ ಚೀನಾದಲ್ಲಿ ದೊಡ್ಡ ಹೊಸ ಸ್ಥಾವರಗಳು ಎದ್ದ ಜಾಗಗಳನ್ನು ಹೀಗೆ ನೋಡಿದರು. 2005ರಿಂದ 2007ರವರೆಗೆ ಎರಡೂ ಅನಿಲ ಏರಿದವು. 2008ರಲ್ಲಿ ನೈಟ್ರೋಜನ್ ಅನಿಲ ಇದ್ದಷ್ಟೇ ಇತ್ತು. ಗಂಧಕದ ಅನಿಲ ಮಾತ್ರ ಧೊಪ್ಪನೆ ಬಿತ್ತು. ಅಂದರೆ ಸ್ಥಾವರ ನಿಂತಿಲ್ಲ, ವಿದ್ಯುತ್ ಕಡಿಮೆ ಮಾಡಿಲ್ಲ. ಯಂತ್ರಗಳು 2007 ಮತ್ತು 2008ರ ನಡುವೆ ನಿಜವಾಗಿ ಓಡಲು ಶುರು ಮಾಡಿವೆ. ಯಾರ ಕಚೇರಿಗೂ ಹೋಗದೆ, ಯಾವ ಕಡತವನ್ನೂ ಕೇಳದೆ, 700 ಕಿಲೋಮೀಟರ್ ಮೇಲಿನಿಂದ ಇದನ್ನು ಹಿಡಿದರು ಅನ್ನುವುದು ಸೊಗಸಲ್ವಾ?

2010ರ ಗುರಿ ಮುಟ್ಟಿತು. ಸರ್ಕಾರದ ಲೆಕ್ಕದಲ್ಲಿ ಇಳಿಕೆ 14%ಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ದೊಡ್ಡ ಇಳಿಕೆ ಇನ್ನೂ ಮುಂದಿತ್ತು. 2013ರ ಜನವರಿಯಲ್ಲಿ ಬೀಜಿಂಗ್ ಸುತ್ತ ದಿನಗಟ್ಟಲೆ ದಟ್ಟ ಹೊಗೆಮಂಜು ಕವಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ವಾಯು ಮಾಲಿನ್ಯ ತಡೆಯುವ ಕ್ರಿಯಾ ಯೋಜನೆ ಬಂತು. ಬೀಜಿಂಗ್, ಟಿಯಾಂಜಿನ್, ಹೆಬೆ ಪ್ರದೇಶದಲ್ಲಿ 2017ರೊಳಗೆ ಸೂಕ್ಷ್ಮ ಕಣಗಳು 25% ಇಳಿಯಬೇಕು ಅಂತ ಆದೇಶ. 2014ರಿಂದ ಸ್ಥಾವರಗಳಿಗೆ ಇನ್ನೂ ಬಿಗಿಯಾದ ಮಿತಿ: ಚಿಮಣಿಯ ಒಂದು ಘನ ಮೀಟರ್ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ 35 ಮಿಲಿಗ್ರಾಂ ದಾಟಬಾರದು.

ಫಲ ಏನಾಯಿತು? ಬೀಜಿಂಗ್‌ನ ತ್ಸಿಂಗ್ಹುವಾ ವಿಶ್ವವಿದ್ಯಾಲಯದಲ್ಲಿ ಎಂಇಐಸಿ ಅನ್ನುವ ಲೆಕ್ಕಪಟ್ಟಿ ಇದೆ. ಚೀನಾದ ಒಂದೊಂದು ಸ್ಥಾವರವನ್ನೂ ಪ್ರತ್ಯೇಕವಾಗಿ ಹಿಡಿದು ಲೆಕ್ಕ ಹಾಕುವ ಪಟ್ಟಿ. ಅದರ ಪ್ರಕಾರ 2010ರಿಂದ 2017ಕ್ಕೆ ಚೀನಾದ ಸಲ್ಫರ್ ಡೈಆಕ್ಸೈಡ್ 62% ಇಳಿಯಿತು. ನೈಟ್ರೋಜನ್ ಆಕ್ಸೈಡ್ 17%, ಮಸಿ 27% ಇಳಿದವು. ಅದೇ ಅವಧಿಯಲ್ಲಿ ಕಾರ್ಬನ್ ಡೈಆಕ್ಸೈಡ್ 16% ಏರಿತು. ಕೊನೆಯ ಅಂಕಿಯನ್ನು ಗಮನಿಸಿ. ಸುಡುವುದು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ತೊಳೆಯುವುದು ಅದಕ್ಕಿಂತ ಜಾಸ್ತಿಯಾಯಿತು.

ಇಂಧನದ ಅಂಕಿಯನ್ನೇ ಹಿಡಿದುಕೊಂಡು ಕೂತವರಿಗೆ ಈ ಇಳಿಕೆ ಕಾಣುವುದೇ ಇಲ್ಲ. ಅವರ ಪಟ್ಟಿಯಲ್ಲಿ ಹೊಗೆ ಏರುತ್ತಲೇ ಇರುತ್ತದೆ.

ಎಡವಿದ್ದು ಎಲ್ಲಿ

ಇಡೀ ಜಗತ್ತಿನ ಪಟ್ಟಿ ಮಾಡುವವರು ಒಂದೊಂದು ದೇಶದ ಒಂದೊಂದು ಚಿಮಣಿಯನ್ನು ನೋಡಲು ಆಗುವುದಿಲ್ಲ. ಸೆಡ್ಸ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂಕಿಗಳಂಥ ಎಲ್ಲ ಕಡೆ ಸಿಗುವ ಮಾಹಿತಿಯಿಂದ ಒಂದು ಕಚ್ಚಾ ಅಂದಾಜು. ಆಮೇಲೆ, ಆ ದೇಶದ್ದೇ ಒಳ್ಳೆಯ ಪಟ್ಟಿ ಸಿಕ್ಕಿದರೆ ಕಚ್ಚಾ ಅಂದಾಜನ್ನು ಅದಕ್ಕೆ ಹೊಂದಿಸುವುದು. ಎರಡರ ಅನುಪಾತ ಕಂಡುಹಿಡಿದು ಅದರಿಂದ ಗುಣಿಸುವುದು. ಒಳ್ಳೆಯ ಪಟ್ಟಿ ಇಲ್ಲದ ವರ್ಷಗಳಿಗೆ ಏನು ಮಾಡುತ್ತಾರೆ? ಹತ್ತಿರದ ವರ್ಷದ ಅನುಪಾತವನ್ನೇ ಮುಂದೆಳೆಯುತ್ತಾರೆ.

ಚೀನಾಕ್ಕೆ ಆಗ ಸಿಕ್ಕಿದ್ದು 2008, 2010 ಮತ್ತು 2012ರ ಪಟ್ಟಿ. ಅಲ್ಲಿಗೆ ನಿಂತಿತು. 2013, 2014ಕ್ಕೆ 2012ರ ಅನುಪಾತವೇ ಗತಿ.

ಕಲ್ಪನೆಯ ಅಂಕಿ ಹಾಕಿ ನೋಡೋಣ, ಇವು ಚೀನಾದ ನಿಜವಾದ ಅಂಕಿಗಳಲ್ಲ. 2012ರಲ್ಲಿ ಕಚ್ಚಾ ಅಂದಾಜು 100, ಒಳ್ಳೆಯ ಪಟ್ಟಿ ಹೇಳಿದ್ದು 70. ಅನುಪಾತ 0.7. 2014ಕ್ಕೆ ಕಚ್ಚಾ ಅಂದಾಜು 104ಕ್ಕೆ ಏರಿತು, ಯಾಕೆಂದರೆ ಸುಡುವುದು ಜಾಸ್ತಿಯಾಗಿದೆ. 0.7ರಿಂದ ಗುಣಿಸಿದರೆ ಸುಮಾರು 73. ಅಷ್ಟರಲ್ಲಿ ನೆಲದ ಮೇಲೆ ಇನ್ನಷ್ಟು ಯಂತ್ರ ಬಂದು ನಿಜವಾದ ಅಂಕಿ 55ಕ್ಕೆ ಇಳಿದಿದ್ದರೆ? ಪಟ್ಟಿಗೆ ಅದು ತಿಳಿಯುವ ದಾರಿಯೇ ಇಲ್ಲ. ಗುಣಾಕಾರ ಸರಿಯಾಗಿದೆ. ಪ್ರೋಗ್ರಾಂನಲ್ಲಿ ದೋಷ ಇಲ್ಲ. ಓಡುತ್ತಿದ್ದ ಜಗತ್ತಿಗೆ ನಿಂತ ಅನುಪಾತ ಹಾಕಿದ್ದಷ್ಟೇ ತಪ್ಪು.

ಇಂಥ ಪಟ್ಟಿಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಯಾವ ಪಟ್ಟಿಯಾದರೂ ಅದರ ಕೊನೆಯ ಎರಡು ಮೂರು ವರ್ಷ ಅತ್ಯಂತ ದುರ್ಬಲ. ಎಲ್ಲರೂ ಮೊದಲು ನೋಡುವುದೂ ಅದೇ ವರ್ಷಗಳನ್ನು. 1900ರ ಅಂಕಿಯಲ್ಲಿ ಅನಿಶ್ಚಿತತೆ ಇದೆ ಅಂತ ಎಲ್ಲರೂ ಒಪ್ಪುತ್ತಾರೆ. 2014ರ ಅಂಕಿ ನೋಡಿದರೆ ಮೊನ್ನೆಯದು, ಸರಿಯಾಗೇ ಇರುತ್ತೆ ಅಂತ ನಂಬಿಬಿಡುತ್ತಾರೆ. ಫೈಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅಳೆದ ವರ್ಷ ಯಾವುದು, ಎಳೆದ ವರ್ಷ ಯಾವುದು ಅಂತ ಬಣ್ಣ ಬಳಿದು ಯಾರೂ ತೋರಿಸುವುದಿಲ್ಲ.

ಸೆಡ್ಸ್ ತಂಡವನ್ನು ಈಗ ಬೈಯುವುದು ಸುಲಭ. ಎಂಇಐಸಿಯ 2010–2017ರ ಪೂರ್ತಿ ಅಂಕಿಗಳು ಪ್ರಕಟವಾದದ್ದು 2018ರಲ್ಲಿ. ಸಿಮಿಪ್-6ಕ್ಕೆ ಫೈಲ್ ಕೊಟ್ಟಾಗಿದ್ದದ್ದು 2017ರಲ್ಲಿ. ಹಾಗಂತ ಪೂರ್ತಿ ಕತ್ತಲೆಯೂ ಇರಲಿಲ್ಲ. ಉಪಗ್ರಹದ ಚಿತ್ರಗಳು ಅದೇ ವರ್ಷಗಳಲ್ಲಿ ಬೇರೆ ಮಾತು ಹೇಳುತ್ತಿದ್ದವು. 2017ರಲ್ಲೇ ಓಮಿ ನೋಡಿದ ಒಂದು ಅಧ್ಯಯನ ಬಂತು. 2007ರಿಂದೀಚೆಗೆ ಚೀನಾದ ಸಲ್ಫರ್ ಡೈಆಕ್ಸೈಡ್ 75% ಇಳಿದಿದೆ, ಭಾರತದ್ದು 50% ಏರಿದೆ, ಭಾರತ ಚೀನಾವನ್ನು ದಾಟಿ ಮೊದಲ ಸ್ಥಾನಕ್ಕೆ ಹೋಗುತ್ತಿದೆ ಅಂತ ಅದು ಹೇಳಿತು. ಪಟ್ಟಿ ಮಾಡುವವರು, ಉಪಗ್ರಹ ನೋಡುವವರು ಬೇರೆ ಬೇರೆ ಸಭೆಗಳಿಗೆ ಹೋಗುವ ಬೇರೆ ಬೇರೆ ಮಂದಿ. ಇವರ ಮಾತು ಅವರಿಗೆ ಮುಟ್ಟಲು ಸಮಯ ಹಿಡಿಯುತ್ತದೆ.

ತಪ್ಪು ಎಲ್ಲಿಗೆ ಹರಿಯಿತು

ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಬಹಳ ದಿನ ಇರುವುದಿಲ್ಲ. ಒಂದೆರಡು ದಿನದಲ್ಲಿ ಬಹುಪಾಲು ಮಳೆ, ನೆಲ ಸೇರುತ್ತದೆ ಅಥವಾ ಸಲ್ಫೇಟ್ ಕಣಗಳಾಗುತ್ತದೆ. ಆ ಕಣಗಳು ವಾರದ ಆಸುಪಾಸು ತೇಲುತ್ತವೆ. ಬಿಸಿಲನ್ನು ಮೇಲಕ್ಕೆ ಚದುರಿಸುತ್ತವೆ. ಮೋಡದ ಹನಿಗಳನ್ನು ಸಣ್ಣದು ಮಾಡಿ ಮೋಡವನ್ನು ಇನ್ನಷ್ಟು ಬೆಳ್ಳಗೆ ಮಾಡುತ್ತವೆ. ಒಟ್ಟಿನಲ್ಲಿ ನೆಲವನ್ನು ತಂಪಾಗಿಡುತ್ತವೆ. ಆರೋಗ್ಯಕ್ಕೆ ಕೆಟ್ಟದ್ದು, ಆದರೆ ಹಸಿರುಮನೆ ಅನಿಲಗಳ ಬಿಸಿಯ ಒಂದಷ್ಟನ್ನು ಮರೆಮಾಚುವ ಪರದೆ.

ಈ ಪರದೆ ಎಷ್ಟು ದಪ್ಪ ಅನ್ನುವುದೇ ತಪ್ಪಾದರೆ ಏನಾಗುತ್ತದೆ? 2021ರಲ್ಲಿ ಎನ್‌ಪಿಜೆ ಕ್ಲೈಮೇಟ್ ಅಂಡ್ ಅಟ್ಮಾಸ್ಫೆರಿಕ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧ ಇದನ್ನೇ ಪರೀಕ್ಷಿಸಿತು. ನಾನು ಮೊದಲು ಹೇಳಿದ ಎರಡು ನಕ್ಷೆಗಳ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದು ಇದೇ. ಅವರು ಸುಮ್ಮನೆ ಬೆರಳು ತೋರಿಸಲಿಲ್ಲ. ಒಂದೇ ಮಾಡೆಲ್ ತೆಗೆದುಕೊಂಡು ಎರಡು ಸಲ ಓಡಿಸಿದರು. ಒಮ್ಮೆ ಸಿಮಿಪ್-6ರ ಪಟ್ಟಿ ಕೊಟ್ಟು, ಇನ್ನೊಮ್ಮೆ ಪೀಕಿಂಗ್ ವಿಶ್ವವಿದ್ಯಾಲಯದ ಪಟ್ಟಿ ಕೊಟ್ಟು. ಪಟ್ಟಿ ಬದಲಾದಾಗ ಏಷ್ಯಾದ ಮೇಲೆ ಕಣಗಳು ಬಿಸಿಲಿಗೆ ಒಡ್ಡುವ ತಡೆ ಬದಲಾಯಿತು, ತಾಪಮಾನದ ಚಿತ್ರವೂ ಬದಲಾಯಿತು. ಅಂದರೆ ದೋಷ ಮಾಡೆಲಿನ ರಸಾಯನದಲ್ಲಿ ಇರಲಿಲ್ಲ. ಉಣ್ಣಿಸಿದ್ದರಲ್ಲೇ ಇತ್ತು.

ಇದರ ಇನ್ನೊಂದು ಮುಖ ಇನ್ನೂ ಗಂಭೀರ. ಮುಂದಿನ ದಶಕಗಳ ಊಹೆಗಳೆಲ್ಲ ಇದೇ ಪಟ್ಟಿಯ ಕೊನೆಯ ಅಂಕಿಗೆ ಹೊಂದಿಸಿ 2015ರಿಂದ ಶುರುವಾಗುತ್ತವೆ. ಶುರುವಿನ ಅಂಕಿ ಎತ್ತರದಲ್ಲಿದ್ದರೆ ಏನಾಗುತ್ತದೆ ನೋಡಿ. ಚೀನಾದ ಗಾಳಿ ತಿಳಿಯಾದದ್ದು ಆಗಲೇ ನಡೆದುಹೋಗಿದೆ. ಮಾಡೆಲ್‌ಗೆ ಅದು ಗೊತ್ತಿಲ್ಲ. ಅದು ಆ ಇಳಿಕೆಯನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಂಡಿದೆ. ಹಾಗಾಗಿ ಪರದೆ ಸರಿದಾಗ ಬರುವ ಬಿಸಿಯನ್ನೂ ಮುಂದಿನ ವರ್ಷಗಳ ಖಾತೆಗೆ ಬರೆಯುತ್ತದೆ. ಈಗಾಗಲೇ ಬಂದ ಬಿಸಿಗೆ ಕಾರಣ ಹುಡುಕುವವರಿಗೆ ಲೆಕ್ಕ ಕೂಡುವುದಿಲ್ಲ.

ಆ ಬಿಸಿ ಎಷ್ಟು ಅಂತ ಆಮೇಲೆ ಹಲವು ಮಾಡೆಲ್‌ಗಳು ಸೇರಿ ಬೇರೆಯಾಗೇ ಲೆಕ್ಕ ಹಾಕಿದವು. 2025ರಲ್ಲಿ ಬಂದ ಫಲಿತಾಂಶದ ಪ್ರಕಾರ ಪೂರ್ವ ಏಷ್ಯಾದ ಸಲ್ಫೇಟ್ 75% ಇಳಿದದ್ದರಿಂದ ಭೂಮಿಯ ಸರಾಸರಿ ತಾಪ ಸುಮಾರು 0.07 ಡಿಗ್ರಿ ಏರಿದೆ. ಅದು 0.05ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು, ಮರೆಯಬಾರದು. ನೋಡಲು ಚಿಕ್ಕ ಅಂಕಿ. ಆದರೆ ಭೂಮಿ ದಶಕಕ್ಕೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಬಿಸಿಯಾಗುತ್ತಿರುವಾಗ, ಇತ್ತೀಚೆಗೆ ಆ ವೇಗ ಯಾಕೆ ಜಾಸ್ತಿಯಾಯಿತು ಅಂತ ಕೇಳುವವರಿಗೆ 0.07 ಚಿಕ್ಕದಲ್ಲ.

ಮಳೆಯ ವಿಷಯವೂ ಇದೆ. ನೆಲ ಬಿಸಿಯಾಗಿ, ಸಮುದ್ರ ಅಷ್ಟು ಬಿಸಿಯಾಗದೆ ಇರುವ ವ್ಯತ್ಯಾಸವೇ ಮುಂಗಾರಿಗೆ ದೊಡ್ಡ ಬಲ. ಕಣಗಳು ನೆಲವನ್ನು ತಂಪು ಮಾಡಿ ಈ ವ್ಯತ್ಯಾಸವನ್ನು ತಗ್ಗಿಸುತ್ತವೆ. ಭಾರತದ ಮೇಲೆ ಏರುತ್ತಾ ಚೀನಾದ ಮೇಲೆ ಇಳಿಯುವ ಚಿತ್ರಕ್ಕೂ, ಎರಡೂ ಕಡೆ ಏರುವ ಚಿತ್ರಕ್ಕೂ ಗಾಳಿಯ ಓಟ ಒಂದೇ ಥರ ಇರುವುದಿಲ್ಲ.

ಗೊತ್ತಾದ ಮೇಲೂ ಯಾಕೆ ತಿದ್ದಲಿಲ್ಲ

ಇದು ನನಗೆ ಮೊದಲು ಅರ್ಥವಾಗದ ಪ್ರಶ್ನೆ. ತಪ್ಪು ಗೊತ್ತಾಗಿದೆ, ಸರಿ ಅಂಕಿ ಸಿಕ್ಕಿದೆ. ಫೈಲ್ ಬದಲಿಸಿದರೆ ಮುಗಿಯಿತಲ್ವಾ?

ಹಾಗಾಗುವುದಿಲ್ಲ. ಹೋಲಿಕೆ ಯೋಜನೆ ನಿಂತಿರುವುದೇ ಎಲ್ಲರಿಗೂ ಒಂದೇ ಇನ್‌ಪುಟ್ ಅನ್ನುವ ಷರತ್ತಿನ ಮೇಲೆ. ಒಂದು ದೊಡ್ಡ ಮಾಡೆಲನ್ನು 165 ವರ್ಷ ಓಡಿಸಲು ಸೂಪರ್ ಕಂಪ್ಯೂಟರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಅರ್ಧ ಜನ ಹಳೆ ಫೈಲ್, ಇನ್ನರ್ಧ ಹೊಸ ಫೈಲ್ ಹಾಕಿದರೆ ಉತ್ತರಗಳ ವ್ಯತ್ಯಾಸ ಮಾಡೆಲಿನದ್ದೋ ಫೈಲಿನದ್ದೋ ಹೇಳಲು ಬರುವುದಿಲ್ಲ. ಹಾಗಾಗಿ ಫೈಲಿಗೆ ಬೀಗ. ತಪ್ಪಿದ್ದರೂ ಎಲ್ಲರಿಗೂ ಒಂದೇ ತಪ್ಪು. ಕೇಳಲು ವಿಚಿತ್ರ, ಆದರೂ ಈ ತೀರ್ಮಾನ ಸರಿ ಅಂತಲೇ ನನಗನ್ನಿಸುತ್ತದೆ. ತಕರಾರು ಬೇರೆ ಕಡೆ. ಬೀಗ ಹಾಕಿದ ಫೈಲಿನ ಮೇಲೆ 'ಇಂಥ ದೇಶದ ಇಂಥ ವರ್ಷ ಹುಷಾರು' ಅಂತ ದೊಡ್ಡದಾಗಿ ಬರೆಯಬಹುದಿತ್ತು. ಐಪಿಸಿಸಿ ವರದಿಯ ಆರನೇ ಅಧ್ಯಾಯ ಪೂರ್ವ ಏಷ್ಯಾದ ಇಳಿಕೆ ಪಟ್ಟಿಯಲ್ಲಿ ಪೂರ್ತಿ ಬಂದಿಲ್ಲ ಅಂತ ಒಪ್ಪಿಕೊಂಡಿದೆ. ಆದರೆ ಅಂಕಿ ಇಳಿಸಿಕೊಂಡು ತಮ್ಮ ಪ್ರದೇಶದ ಪರಿಣಾಮ ಲೆಕ್ಕ ಹಾಕುವವರೆಲ್ಲ ಆರನೇ ಅಧ್ಯಾಯ ಓದುತ್ತಾರಾ?

ಸೆಡ್ಸ್ ಮಟ್ಟದಲ್ಲಿ ತಿದ್ದುಪಡಿ ಬೇಗ ಬಂತು. 2020ರಲ್ಲಿ ಇದೇ ವ್ಯವಸ್ಥೆಯನ್ನು 2017ರವರೆಗೆ ಚಾಚಿ, ಚೀನಾಕ್ಕೆ ಹೊಸ ಎಂಇಐಸಿ ಅಂಕಿ ಹಾಕಿದ ಆವೃತ್ತಿ ಪ್ರಕಟವಾಯಿತು. 2021ರ ಆವೃತ್ತಿ 2019ರವರೆಗೆ ಬಂತು. ರಸಾಯನ ಅಧ್ಯಯನ ಮಾಡುವ ಗುಂಪುಗಳು ಅವುಗಳಿಗೆ ಬದಲಾದವು. ಸಿಮಿಪ್-6ರ ಉತ್ತರಗಳು ಮಾತ್ರ ಹಾಗೇ ಉಳಿದಿವೆ, ಉಳಿಯುತ್ತವೆ.

ಉಪಗ್ರಹವೇ ತೀರ್ಪುಗಾರನಾ?

ಇಷ್ಟು ಓದಿದ ಮೇಲೆ ಪಟ್ಟಿ ಯಾಕೆ ಬೇಕು, ಉಪಗ್ರಹ ಸಾಕಲ್ಲ ಅನ್ನಿಸಬಹುದು. ಸಾಲದು. ಓಮಿಯ ಒಂದು ಚುಕ್ಕೆ ನೆಲದ ಮೇಲೆ 13 ಕಿಲೋಮೀಟರ್ ಉದ್ದ, 24 ಕಿಲೋಮೀಟರ್ ಅಗಲ. ವರ್ಷಕ್ಕೆ ಸುಮಾರು 30,000 ಟನ್‌ಗಿಂತ ಕಡಿಮೆ ಸಲ್ಫರ್ ಡೈಆಕ್ಸೈಡ್ ಬಿಡುವ ಜಾಗ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಲಕ್ಷಾಂತರ ಮನೆಗಳ ಕಲ್ಲಿದ್ದಲು ಒಲೆ ಅದಕ್ಕೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಮೋಡ ಇದ್ದರೆ ಕುರುಡು. 2007ರಿಂದೀಚೆಗೆ ಅದರ ನೋಟದ ಕೆಲವು ಸಾಲುಗಳೇ ಹಾಳಾಗಿವೆ.

ಇನ್ನೊಂದು ಸೂಕ್ಷ್ಮ ಇದೆ. ಉಪಗ್ರಹ ನೋಡುವುದು ಟನ್‌ಗಳನ್ನಲ್ಲ, ಬೆಳಕನ್ನು. ಬೆಳಕಿನಿಂದ ಅನಿಲದ ಪ್ರಮಾಣಕ್ಕೆ ಬರಬೇಕಾದರೆ ಆ ಅನಿಲ ಯಾವ ಎತ್ತರದಲ್ಲಿ ಎಷ್ಟಿದೆ ಅಂತ ಮೊದಲೇ ಒಂದು ಊಹೆ ಬೇಕು. ಆ ಊಹೆ ಎಲ್ಲಿಂದ ಬರುತ್ತದೆ? ಮಾಡೆಲಿನಿಂದ. ಮಾಡೆಲ್ ಓಡುವುದು ಪಟ್ಟಿಯಿಂದ. ಸುತ್ತಿ ಸುತ್ತಿ ಅಲ್ಲಿಗೇ ಬಂದೆವು.

ಆದರೂ ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು ಹಿಡಿಯುವುದರಲ್ಲಿ ಉಪಗ್ರಹಕ್ಕೆ ಸಾಟಿ ಇಲ್ಲ. 2016ರಲ್ಲಿ ಜಗತ್ತಿನ ಸುಮಾರು 500 ದೊಡ್ಡ ಗಂಧಕ ಮೂಲಗಳನ್ನು ಓಮಿಯಿಂದ ಗುರುತಿಸಿದಾಗ, ಅವುಗಳಲ್ಲಿ 40ರ ಆಸುಪಾಸು ಯಾವ ಮುಖ್ಯ ಪಟ್ಟಿಯಲ್ಲೂ ಇರಲಿಲ್ಲ. ಮೂರನೇ ಒಂದು ಭಾಗದಷ್ಟು ಪರ್ಷಿಯನ್ ಕೊಲ್ಲಿಯ ಸುತ್ತ. ಈ ಬಿಟ್ಟುಹೋದವರ ಪಾಲು ಮನುಷ್ಯರಿಂದ ಬರುವ ಒಟ್ಟು ಸಲ್ಫರ್ ಡೈಆಕ್ಸೈಡಿನ 6ರಿಂದ 12%.

ಈಗ ಭಾರತದ ಸಾಲು

ಚೀನಾದಲ್ಲಿ ಯಂತ್ರ ಬಂತು, ಪಟ್ಟಿಗೆ ಸುದ್ದಿ ತಲುಪಲಿಲ್ಲ. ಭಾರತದಲ್ಲಿ ಇದರ ತಿರುಗು ಮುರುಗು ತಪ್ಪು ಆಗುವ ಸಾಧ್ಯತೆ ಇದೆ.

2015ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಕಲ್ಲಿದ್ದಲು ಸ್ಥಾವರಗಳಿಗೆ ಮೊದಲ ಬಾರಿಗೆ ಸಲ್ಫರ್ ಡೈಆಕ್ಸೈಡ್ ಮಿತಿ ಹಾಕಿತು. ಎರಡು ವರ್ಷ ಗಡುವು. 2017ರಲ್ಲಿ ಗಡುವು ಮುಂದೆ ಹೋಯಿತು. ಆಮೇಲೆ ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಸ್ಥಾವರಗಳಿಗೆ ಗಂಧಕ ತೊಳೆಯುವ ಯಂತ್ರದಿಂದ ವಿನಾಯಿತಿ ಸಿಕ್ಕಿತು. ನಿಯಮ ಓದಿಕೊಂಡು '2018ರಿಂದ ಭಾರತದಲ್ಲಿ ಯಂತ್ರ ಓಡುತ್ತಿದೆ' ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಅವರ ಪಟ್ಟಿಯಲ್ಲಿ ಗಾಳಿ ತಿಳಿಯಾಗಿರುತ್ತದೆ. ನೆಲದ ಮೇಲೆ ಹೊಗೆ ಹಾಗೇ ಇರುತ್ತದೆ.

ಸಿಮಿಪ್-7ಕ್ಕೆ ಸಿದ್ಧವಾದ ಹೊಸ ಸೆಡ್ಸ್ ಪಟ್ಟಿ 1750ರಿಂದ 2023ರವರೆಗೆ ಬರುತ್ತದೆ. ಈ ಸಲದ ಕೊನೆಯ ವರ್ಷಗಳಲ್ಲೇ ಕೋವಿಡ್ ಇದೆ. 2020ರ ಜನವರಿ 1ರಿಂದ ಹಡಗಿನ ಇಂಧನದ ಗಂಧಕ ಮಿತಿ 3.5%ರಿಂದ 0.5%ಕ್ಕೆ ಇಳಿದದ್ದಿದೆ. ಹಡಗಿನದು ಸುಲಭ, ದಿನಾಂಕವೂ ಗೊತ್ತು, ಅಂಕಿಯೂ ಗೊತ್ತು. ಭಾರತದ ಸಾಲು ಅಷ್ಟು ಸುಲಭವಲ್ಲ. ಅದನ್ನು ತೆರೆದಾಗ 2023ರ ಅಂಕಿಗಿಂತ ಮೊದಲು ನಾನು ಹುಡುಕುವುದು ಒಂದನ್ನೇ: ಈ ದೇಶದ್ದೇ ಪಟ್ಟಿಗೆ ಕೊನೆಯ ಸಲ ಹೊಂದಿಸಿದ್ದು ಯಾವ ವರ್ಷ?